ಕಂತಿನಲ್ಲಿ ಬಂದ ಹೀರೋ

ಕಿವಿ ಇನ್ನೂ ಗುಂಯ್ ಅನ್ನುತ್ತಿದೆ. ಭಾನುವಾರ ಮನೆಮಂದಿಯೆಲ್ಲ ಒಂದು ದೊಡ್ಡ ಸಿನಿಮಾಕ್ಕೆ ಹೋಗಿದ್ದೆವು. ಹೆಸರು ಬೇಡ. ಹೇಳಿದರೆ ಅಭಿಮಾನಿಗಳು ಮನೆ ಹುಡುಕಿಕೊಂಡು ಬರುತ್ತಾರೆ. ಹೇಳದಿದ್ದರೂ ನಷ್ಟವೇನಿಲ್ಲ, ಈಗ ದೊಡ್ಡ ಸಿನಿಮಾ ಎಂದರೆ ಎಲ್ಲವೂ ಅದೇ ಅಲ್ವಾ?

ಇದಕ್ಕೆಲ್ಲ ಮೂಲ ನನ್ನ ಭಾಮೈದ. ಮೂರು ವರ್ಷದಿಂದ ಅವನು ಈ ಸಿನಿಮಾ ಕಾಯುತ್ತಿದ್ದ. ಮೊದಲು ಟೈಟಲ್ ಬಂತು. ಆಮೇಲೆ ಫಸ್ಟ್ ಲುಕ್. ಆಮೇಲೆ ಟೀಸರ್ ಯಾವತ್ತು ಬರುತ್ತದೆ ಎಂದು ತಿಳಿಸುವ ಪೋಸ್ಟರ್. ಪ್ರತಿಯೊಂದಕ್ಕೂ ಮನೆಯ ವಾಟ್ಸಾಪ್ ಗುಂಪಿನಲ್ಲಿ ಬೆಂಕಿಯ ಚಿಹ್ನೆ. ಅಜ್ಜಿ ಹಾಕಿದ ಯುಗಾದಿ ಶುಭಾಶಯದ ಕೆಳಗೂ ಬೆಂಕಿಯೇ. ‘ಈ ಸಲ ಪಕ್ಕಾ ಭಾವ’ ಅಂದ. ಹೋದ ಸಲವೂ ಹಾಗೇ ಅಂದಿದ್ದ.

ಸರಿ, ಸಿನಿಮಾ ಶುರುವಾಯಿತು. ಊರಿಗೆ ಬೆಂಕಿ ಬಿದ್ದಿದೆ. ಒಬ್ಬ ಮುದುಕ ಗೊಗ್ಗರು ದನಿಯಲ್ಲಿ ‘ಅವನು ಬರ್ತಾನೆ’ ಅಂದ. ಖಳನಾಯಕನ ಕಡೆಯವರೂ ‘ಅವನು ಬರ್ತಾನಾ?’ ಅಂದರು. ಪೊಲೀಸರು ಅಂದರು, ಮಂತ್ರಿ ಅಂದ, ಒಂದು ಮಗುವೂ ಅಂತು. ಕೊನೆಗೆ ಬಂತು. ಬೂಟು.

ಬೂಟು ನಿಧಾನವಾಗಿ ಕೆಸರಿನಲ್ಲಿ ಊರಿತು. ಕೆಸರು ಹಾರಿತು, ಅದೂ ನಿಧಾನವಾಗಿ. ಸ್ಪೀಕರುಗಳೆಲ್ಲ ಒಟ್ಟಿಗೆ ಕಿರುಚಿದವು. ಆಮೇಲೆ ಕೈ ಬಂತು, ಕೈಯಲ್ಲಿ ಕಡಗ. ಆಮೇಲೆ ಬೆನ್ನು. ಕಣ್ಣು ಮುಚ್ಚಿ ಕುಳಿತಿದ್ದ ಹೆಂಡತಿ ಕೇಳಿದಳು, ‘ರೀ, ಹೀರೋ ಬಂದನಾ?’

‘ಸದ್ಯಕ್ಕೆ ಸೊಂಟದವರೆಗೆ ಬಂದಿದ್ದಾನೆ’ ಅಂದೆ.

ಅತ್ತೆಗೆ ಆತಂಕ. ‘ಪಾಪ, ಮುಖಕ್ಕೆ ಏನಾದರೂ ಆಗಿದೆಯಾ ಅವನಿಗೆ?’

ನಾನು ಎದ್ದು ಪಾಪ್‌ಕಾರ್ನ್ ತರಲು ಹೋದೆ. ಅಲ್ಲಿ ಸಾಲು ಇತ್ತು. ಸಾಲ್ಟಾ, ಚೀಸಾ, ಕ್ಯಾರಮೆಲ್ಲಾ, ದೊಡ್ಡದಾ, ಸಣ್ಣದಾ, ಜೊತೆಗೆ ಕೋಲಾ ತೊಗೊಂಡರೆ ಉಳಿತಾಯ ಅಂತ ಹುಡುಗ ಲೆಕ್ಕ ಹೇಳಿದ. ಆ ಉಳಿತಾಯಕ್ಕೆ ನನ್ನ ಜೇಬಿನಿಂದ ಇನ್ನಷ್ಟು ಹೋಯಿತು. ಎರಡೂ ಕೈಯಲ್ಲಿ ಸಾಮಾನು ಹಿಡಿದು, ಕತ್ತಲಲ್ಲಿ ಯಾರದೋ ಕಾಲು ತುಳಿದು, ಬೈಸಿಕೊಂಡು, ವಾಪಸ್ ಸೀಟಿಗೆ ಬಂದೆ.

‘ಬಂತಾ ಮುಖ?’

‘ಇಲ್ಲ. ಗಡ್ಡ ಬಂದಿದೆ’ ಅಂದಳು.

ನಾನು ಫ್ರಿಜ್ಜನ್ನು ಕಂತಿನಲ್ಲಿ ತಂದಿದ್ದೇನೆ, ಫೋನು ತಂದಿದ್ದೇನೆ. ಆದರೆ ಮೊದಲನೇ ಕಂತು ಕಟ್ಟಿದ ದಿನವೇ ಫ್ರಿಜ್ಜು ಪೂರ್ತಿ ಮನೆಗೆ ಬಂದಿತ್ತು. ಇಲ್ಲಿ ದುಡ್ಡು ಪೂರ್ತಿ ಮುಂಗಡ, ಹೀರೋ ಮಾತ್ರ ಕಂತಿನಲ್ಲಿ. ಕೊನೆಗೂ ಮುಖ ಬಂದಾಗ ಅದರ ಮುಂದೆ ಚುಟ್ಟಾದ ಹೊಗೆ. ಭಾಮೈದ ಶಿಳ್ಳೆ ಹೊಡೆದ. ಹೊಗೆ ಕರಗುವಷ್ಟರಲ್ಲಿ ಹೀರೋ ತಿರುಗಿ ನಡೆಯತೊಡಗಿದ್ದ. ಮತ್ತೆ ಬೆನ್ನು. ‘ಇವನೇನಾ? ಒಂದು ಸಲ ಬೆಳಕಲ್ಲಿ ತೋರಿಸಬಾರದಾ’ ಎಂದು ಅತ್ತೆ ಗೊಣಗಿದರು.

ಪರದೆ ತುಂಬ ಬಳಿದ ಈ ಮಸಿ ಬಣ್ಣ ಎಲ್ಲಿಂದ ಬಂತು ಅಂತ ಎಲ್ಲರಿಗೂ ಗೊತ್ತು. 2018ರ ಡಿಸೆಂಬರಿನಲ್ಲಿ ‘ಕೆಜಿಎಫ್’ ಬಂತು. ಅದರ ಕಥೆ ನಡೆಯುವುದು ಗಣಿಯಲ್ಲಿ, ಅಲ್ಲಿ ಧೂಳು ಇರಲೇಬೇಕು. ನಮ್ಮ ಭಾನುವಾರದ ಸಿನಿಮಾದಲ್ಲಿ ನಾಯಕಿಗೆ ಬ್ಯಾಂಕಿನಲ್ಲಿ ಕೆಲಸ. ಆ ಬ್ಯಾಂಕಿನಲ್ಲೂ ಧೂಳು! ಕ್ಯಾಷಿಯರ್ ಮುಖಕ್ಕೂ ಮಸಿ. ಅಂಥ ಕೊಳಕು ಶಾಖೆಯಲ್ಲಿ ಯಾರು ಖಾತೆ ತೆರೆಯುತ್ತಾರೆ?

ಇದು ಗಾಂಧಿನಗರದ ಹಳೇ ಚಾಳಿ. 1995ರಲ್ಲಿ ರೌಡಿಗಳ ಕಥೆಯ ‘ಓಂ’ ಗೆದ್ದ ಮೇಲೆ ಎಲ್ಲರ ಕೈಗೂ ಲಾಂಗು ಬಂತು. 2006ರ ಕೊನೆಯಲ್ಲಿ ‘ಮುಂಗಾರು ಮಳೆ’ ಬಂದದ್ದೇ ತಡ, ನಾಯಕರೆಲ್ಲ ನೆನೆಯತೊಡಗಿದರು. ಕೊಡೆ ಕಂಡುಹಿಡಿದು ಎಷ್ಟು ಶತಮಾನವಾಯಿತು ಎಂದು ಅವರಿಗೆ ಯಾರೂ ಹೇಳಲಿಲ್ಲ. ಇನ್ನು ಪ್ಯಾನ್ ಇಂಡಿಯಾ ಅನ್ನುವುದೂ ಹೊಸದಲ್ಲ. ರವಿಚಂದ್ರನ್ 1991ರಲ್ಲೇ ‘ಶಾಂತಿ ಕ್ರಾಂತಿ’ಯನ್ನು ನಾಲ್ಕು ಭಾಷೆಗಳಲ್ಲಿ ತೆಗೆದರು. ತಮಿಳು, ಹಿಂದಿಗೆ ರಜನಿಕಾಂತ್, ತೆಲುಗಿಗೆ ನಾಗಾರ್ಜುನ. ಆ ಕಾಲಕ್ಕೆ ಕಣ್ಣು ಕುಕ್ಕುವ ಖರ್ಚು, ಮತ್ತು ಭರ್ಜರಿ ಸೋಲು. ಅದೇ ವರ್ಷ ರವಿಚಂದ್ರನ್ ಹಳ್ಳಿಯ ಮುಗ್ಧ ಹುಡುಗನಾಗಿ ಪಂಚೆ ಉಟ್ಟು ‘ರಾಮಾಚಾರಿ’ಯಲ್ಲಿ ಬಂದರು. ಜನ ಮುಗಿಬಿದ್ದರು. ಸೋತದ್ದರಲ್ಲೂ ಅವರದೇ ಒಂದು ಹುಚ್ಚು ಇತ್ತು, ಇನ್ನೊಬ್ಬರ ಧೂಳನ್ನು ಕಡ ತಂದಿರಲಿಲ್ಲ. ಅದಕ್ಕೇ ಆ ಸೋಲಿನ ಬಗ್ಗೆ ಇವತ್ತಿಗೂ ಒಂಥರಾ ಪ್ರೀತಿಯಿಂದ ಮಾತಾಡುತ್ತೇವೆ.

ಭಾನುವಾರಕ್ಕೆ ಬರೋಣ. ಹೀರೋ, ಖಳನಾಯಕ ಎದುರುಬದುರು ನಿಂತರು. ಕೊನೆಗೂ ಏನೋ ನಡೆಯುತ್ತದೆ ಎಂದು ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತೆ. ಪರದೆ ಕಪ್ಪಾಯಿತು. ‘ಕರೆಂಟ್ ಹೋಯ್ತಾ?’ ಅಂದರು ಅತ್ತೆ. ಕರೆಂಟ್ ಹೋಗಿರಲಿಲ್ಲ. ಮುಂದಿನದು ಭಾಗ 2ರಲ್ಲಂತೆ. ಅಂದರೆ ಇನ್ನೂ ಮೂರು ವರ್ಷ ಬೆಂಕಿಯ ಚಿಹ್ನೆ.

ರಾಜ್‌ಕುಮಾರ್ 1960ರ ದಶಕದಲ್ಲಿ ವರ್ಷಕ್ಕೆ ಹತ್ತಕ್ಕಿಂತ ಜಾಸ್ತಿ ಸಿನಿಮಾ ಮಾಡಿದ್ದುಂಟು. ಒಂದು ಸಪ್ಪೆಯಾಯಿತೋ, ಬಿಡು, ಮುಂದಿನ ತಿಂಗಳು ಇನ್ನೊಂದು ಬರುತ್ತದೆ ಎಂದು ಜನ ಎದ್ದು ಮನೆಗೆ ಹೋಗುತ್ತಿದ್ದರು. ಈಗ ನಮ್ಮ ಸ್ಟಾರುಗಳು ಎರಡು ಮೂರು ವರ್ಷಕ್ಕೊಮ್ಮೆ ಮುಖ ತೋರಿಸುತ್ತಾರೆ, ಅದೂ ಹೊಗೆಯಲ್ಲಿ. ಅಷ್ಟೂ ವರ್ಷದ ಆಸೆಯನ್ನು ಒಂದು ಟಿಕೆಟ್ ಹೊರಬೇಕು. ಅಷ್ಟು ಕಾಯಲು ಚಿತ್ರಮಂದಿರಗಳಿಗೂ ಆಗುವುದಿಲ್ಲ. 1974ರಲ್ಲಿ ಶುರುವಾದ ಬೆಂಗಳೂರಿನ ಕಾವೇರಿ 2024ರಲ್ಲಿ ಬಾಗಿಲು ಹಾಕಿತು. ಅದರ ಮುಂದೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕತ್ತು ಹೊರಳಿಸಿ ಕಟೌಟು ನೋಡುವುದು ನನಗೊಂದು ಅಭ್ಯಾಸವಾಗಿತ್ತು. ಈಗಲೂ ಕತ್ತು ತಾನಾಗೇ ಹೊರಳುತ್ತದೆ.

ಹಾಗಂತ ಒಳ್ಳೆಯದು ಬಂದರೆ ಜನ ಬಿಡುವುದಿಲ್ಲ. 2025ರಲ್ಲಿ ‘ಸು ಫ್ರಮ್ ಸೋ’ ಬಂತು. ಕಟೌಟಿಲ್ಲ, ಬೂಟಿಲ್ಲ. ಕರಾವಳಿಯ ಒಂದು ಊರು, ದೆವ್ವ ಹೊಕ್ಕಿದೆ ಎಂಬ ಗಲಾಟೆ, ಬಾಯಿಂದ ಬಾಯಿಗೆ ಪ್ರಚಾರ. ಟಿಕೆಟ್ ಸಿಗದೆ ಜನ ಒದ್ದಾಡಿದರು. ಅತ್ತೆ ಅದನ್ನು ನೋಡಿ ಇಂಟರ್ವಲ್ಲಿನಲ್ಲೂ ಸೀಟು ಬಿಟ್ಟು ಏಳಲಿಲ್ಲ.

ನನಗೀಗ ಹೆದರಿಕೆ ಅದರದ್ದೇ. ‘ಸಣ್ಣ ಸಿನಿಮಾನೇ ಓಡೋದಂತೆ’ ಎಂದು ಯಾರಾದರೂ ನೂರು ಕೋಟಿ ಹಾಕಿ ಒಂದು ಸಣ್ಣ ಸಿನಿಮಾ ತೆಗೆಯುತ್ತಾರೆ, ನೋಡುತ್ತಿರಿ. ಐದು ಭಾಷೆಯಲ್ಲಿ, ಎರಡು ಭಾಗದಲ್ಲಿ. ದೆವ್ವದ ಪಾತ್ರಕ್ಕೆ ಸ್ಟಾರು. ಎಂಟ್ರಿಯಲ್ಲಿ ಮೊದಲು ಬೂಟು ತೋರಿಸುತ್ತಾರೆ, ಹಿಮ್ಮಡಿ ಮುಂದಕ್ಕೆ ಮಾಡಿಕೊಂಡು.