ಡ್ಯಾಫೊಡಿಲ್ ಎಲೆಗಳನ್ನು ಗಂಟು ಕಟ್ಟುವ ಕುರಿತು ಸ್ಪಷ್ಟನೆ

ಬ್ರಿಟನ್ನಿನಲ್ಲಿ ನೆಲೆಸಿ ಮನೆಯಂಗಳದಲ್ಲಿ ಡ್ಯಾಫೊಡಿಲ್ (ಗೆಡ್ಡೆಯಿಂದ ಬೆಳೆದು ವಸಂತದಲ್ಲಿ ಅರಳುವ ಹೂಗಿಡ) ಬೆಳೆಸುವ ಕನ್ನಡಿಗರ ನಡುವೆ, ಹೂ ಬಾಡಿದೊಡನೆ ಎಲೆಗಳನ್ನು ಜಡೆಯಂತೆ ಹೆಣೆದು ಗಂಟು ಹಾಕಿದರೆ ಅಥವಾ ಬುಡಕ್ಕೆ ಕತ್ತರಿಸಿದರೆ ಶಕ್ತಿಯೆಲ್ಲ ಗೆಡ್ಡೆಗೆ ಇಳಿಯುತ್ತದೆ ಎಂಬ ಸಲಹೆ ಹರಿದಾಡುತ್ತಿದೆ. ಇದು ಸರಿಯಲ್ಲ.

ಗೆಡ್ಡೆಗೆ ಆಹಾರ ಸಿದ್ಧವಾಗುವುದೇ ಎಲೆಯಲ್ಲಿ. ಹೂ ಹೋದ ಬಳಿಕದ ವಾರಗಳಲ್ಲಿ ಹಸಿರೆಲೆಗಳು ಬಿಸಿಲಿನಿಂದ ತಯಾರಿಸುವ ಆಹಾರ ಗೆಡ್ಡೆಯಲ್ಲಿ ಶೇಖರವಾಗುತ್ತದೆ. ಮರುವರ್ಷದ ಮೊಗ್ಗು ರೂಪುಗೊಳ್ಳುವುದೂ ಬೇಸಿಗೆಯಲ್ಲಿ, ಮಣ್ಣಿನೊಳಗೆ, ಆ ದಾಸ್ತಾನಿನ ಬಲದಿಂದಲೇ. ಮಡಚಿ ಕಟ್ಟಿದ ಎಲೆಗೆ ಬೆಳಕು ಸಾಲದು, ಕತ್ತರಿಸಿದರಂತೂ ಕಾರ್ಖಾನೆಯನ್ನೇ ಮುಚ್ಚಿದಂತೆ. ಆದ್ದರಿಂದ ಕನಿಷ್ಠ 6 ವಾರ, ಸಾಧ್ಯವಾದರೆ ತಾವಾಗಿ ಹಳದಿಯಾಗಿ ಒಣಗುವವರೆಗೂ, ಎಲೆಗಳನ್ನು ಮುಟ್ಟದೆ ಬಿಡಬೇಕು. ಹುಲ್ಲುಹಾಸಿನಲ್ಲಿ ನೆಟ್ಟವರು ಅಷ್ಟು ದಿನ ಅಲ್ಲಿ ಹುಲ್ಲು ಕತ್ತರಿಸುವಂತಿಲ್ಲ. ನೋಟಕ್ಕೆ ಅದು ಚೆನ್ನಾಗಿರುವುದಿಲ್ಲವೆಂಬುದನ್ನು ಒಪ್ಪುತ್ತೇನೆ.

ತೆಗೆಯಬೇಕಾದದ್ದು ಬಾಡಿದ ಹೂವಿನ ತಲೆಯನ್ನು ಮಾತ್ರ, ಏಕೆಂದರೆ ಬೀಜ ಕಟ್ಟಲು ಶಕ್ತಿ ವ್ಯಯವಾಗುತ್ತದೆ. ಹಸಿರು ದಂಟು ಉಳಿಯಲಿ.

ಎಲೆ ಬಂದೂ ಹೂ ಬಾರದಿದ್ದರೆ ಗೆಡ್ಡೆ ಸತ್ತಿದೆ ಎಂದು ಕಿತ್ತೆಸೆಯಬೇಕೆಂಬ ಮಾತೂ ಆತುರದ್ದು. ಗೆಡ್ಡೆಗಳು ಒತ್ತೊತ್ತಾಗಿರುವುದು, ಸಾಕಷ್ಟು ಆಳಕ್ಕೆ ನೆಡದಿರುವುದು ಅಥವಾ ವಸಂತದಲ್ಲಿ ನೀರು ಸಾಲದಿರುವುದು ಇದಕ್ಕೆ ಸಾಮಾನ್ಯ ಕಾರಣಗಳು. ಎಲೆ ಒಣಗಿದ ಮೇಲೆ ಅಗೆದು, ಬಿಡಿಸಿ, ಸೆಪ್ಟೆಂಬರ್ ಹೊತ್ತಿಗೆ ಗೆಡ್ಡೆಯ ಎತ್ತರದ 2ರಿಂದ 3 ಪಟ್ಟು ಆಳದಲ್ಲಿ ಮತ್ತೆ ನೆಡಬಹುದು. ಅಲ್ಲಿಯವರೆಗೆ ಅವುಗಳನ್ನು ಅಡುಗೆಮನೆಯಲ್ಲಿ ಇಡಬೇಡಿ: ಈರುಳ್ಳಿಯಂತೆಯೇ ಕಾಣುವ ಈ ಗೆಡ್ಡೆಯಲ್ಲಿ ವಾಂತಿ ತರಿಸುವ ಲೈಕೊರಿನ್ ಎಂಬ ವಿಷವಿದೆ.