ಸಂಜೆ ನಾಲ್ಕರ ನಂತರ ಆ ಸ್ಕೂಲು ಹೇಗಿರುತ್ತದೆ?

ಅಡ್ಮಿಷನ್ ಸಮಯ ಬಂತು ಅಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ವಸತಿ ಶಾಲೆಯೊಂದರಲ್ಲಿ 11 ವರ್ಷ ವಾರ್ಡನ್ ಆಗಿದ್ದೆ ಅನ್ನುವುದು ನೆಂಟರಿಗೆಲ್ಲ ಗೊತ್ತು. ಕೇಳುವ ಪ್ರಶ್ನೆ ಮಾತ್ರ ಒಂದೇ. "ಆ ಸ್ಕೂಲಿಗೆ ಒಳ್ಳೇ ಹೆಸರಿದೆಯಂತೆ, ಸೇರಿಸಬಹುದಾ?" ಮಗು ಎಂಥದ್ದು, ಜನರ ಜೊತೆ ಬೆರೆಯುತ್ತದಾ, ರಾತ್ರಿ ಅಮ್ಮ ಪಕ್ಕದಲ್ಲಿಲ್ಲದೆ ಮಲಗುತ್ತದಾ ಅಂತ ನಾನೇ ತಿರುಗಿ ಕೇಳಬೇಕು. ಕೇಳಿದರೆ ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಆಮೇಲೆ ಅದೇ ಉತ್ತರ: "ಹೊಂದ್ಕೋತಾಳೆ ಬಿಡಿ."

ಈ 'ಹೊಂದ್ಕೋತಾಳೆ ಬಿಡಿ'ಯನ್ನು ನಾನೂ ಹೇಳಿದ್ದೇನೆ. ಅದಕ್ಕೇ ಈ ಬರಹ.

ಮೊದಲು ರಿಸಲ್ಟ್ ವಿಷಯ. ಹೆಸರುವಾಸಿ ಶಾಲೆಗಳಿಗೆ ಎಂಟ್ರೆನ್ಸ್ ಇರುತ್ತದೆ. ನೂರಾರು ಮಕ್ಕಳಲ್ಲಿ ಓದುವ ಮಕ್ಕಳನ್ನು ಜರಡಿ ಹಿಡಿದು ತೆಗೆದುಕೊಳ್ಳುತ್ತಾರೆ. ಆಮೇಲೆ ಅವರ ಅಂಕಗಳನ್ನೇ ಗೇಟಿನ ಮೇಲೆ ಬ್ಯಾನರ್ ಹಾಕುತ್ತಾರೆ. ಗಟ್ಟಿ ಕಾಳನ್ನೇ ಆರಿಸಿ ಬಿತ್ತಿ, ಬೆಳೆ ಬಂದಿದ್ದೆಲ್ಲ ನನ್ನ ಕೈಗುಣ ಅಂದರೆ ಹೇಗೆ? ಇದು ಬರೀ ನನ್ನ ಹೊಟ್ಟೆಯುರಿಯ ಮಾತಲ್ಲ. ಅಮೆರಿಕದ ಬಾಸ್ಟನ್ ಮತ್ತು ನ್ಯೂಯಾರ್ಕ್‌ನಲ್ಲಿ ಎಂಟ್ರೆನ್ಸ್ ಮೂಲಕವೇ ಮಕ್ಕಳನ್ನು ಸೇರಿಸಿಕೊಳ್ಳುವ ಪ್ರತಿಷ್ಠಿತ ಸರ್ಕಾರಿ ಶಾಲೆಗಳಿವೆ. ವಸತಿ ಶಾಲೆಗಳಲ್ಲ, ಆದರೆ ಹೆಸರಿನ ಹುಚ್ಚು ಅಲ್ಲೂ ಇಷ್ಟೇ. ಕಟಾಫ್ ಅನ್ನು ಸ್ವಲ್ಪದರಲ್ಲೇ ದಾಟಿದ ಮಕ್ಕಳನ್ನೂ, ಸ್ವಲ್ಪದರಲ್ಲೇ ತಪ್ಪಿಸಿಕೊಂಡ ಮಕ್ಕಳನ್ನೂ ಅರ್ಥಶಾಸ್ತ್ರಜ್ಞರು ಹೋಲಿಸಿ ನೋಡಿದರು. 2014ರಲ್ಲಿ ಅಧ್ಯಯನ ಪ್ರಕಟವಾಯಿತು. ಮುಂದಿನ ಪರೀಕ್ಷೆಗಳ ಅಂಕದಲ್ಲಿ ಇವರಿಗೂ ಅವರಿಗೂ ಹೆಚ್ಚುಕಮ್ಮಿ ವ್ಯತ್ಯಾಸವೇ ಇರಲಿಲ್ಲ. ಆ ಅಧ್ಯಯನ ಮಾಡಿದವರಲ್ಲಿ ಒಬ್ಬರಾದ ಜೋಶುವಾ ಆಂಗ್ರಿಸ್ಟ್‌ಗೆ 2021ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಬ್ಯಾನರ್ ನೋಡಿ ಮರುಳಾಗುವ ಮುಂಚೆ ಇದೊಂದು ನೆನಪಿರಲಿ, ಅಷ್ಟೇ.

ಹಾಗಂತ ಹೆಸರಿಗೆ ಬೆಲೆಯೇ ಇಲ್ಲ ಅಂತಲ್ಲ. ಹೆಸರಿರುವ ಕಡೆ ಸಾಮಾನ್ಯವಾಗಿ ಮೇಷ್ಟ್ರುಗಳು ನಿಲ್ಲುತ್ತಾರೆ, ಲ್ಯಾಬ್ ಬೀಗ ತೆಗೆದಿರುತ್ತದೆ, ಓದುವುದು ಅವಮಾನ ಅಂತ ಅನ್ನಿಸದ ವಾತಾವರಣ ಇರುತ್ತದೆ. ಹತ್ತು ಶಾಲೆಗಳ ಪಟ್ಟಿಯನ್ನು ಮೂರಕ್ಕೆ ಇಳಿಸಲು ಹೆಸರು ಸಾಕು. ಆ ಮೂರರಲ್ಲಿ ಒಂದನ್ನು ಆರಿಸಲು ಮಾತ್ರ ಮಗುವನ್ನೇ ನೋಡಬೇಕು.

ಏಳನೇ ಕ್ಲಾಸಿಗೆ ಬಂದ ಒಬ್ಬಳು ಹುಡುಗಿ ಇದ್ದಳು. ಹಾಸ್ಟೆಲಿನಲ್ಲಿ ಮಕ್ಕಳಿಗೆ ಮೊದಲ ಸಂಜೆಯ ಕೆಲಸ ಅಂದರೆ ಟ್ರಂಕಿನಿಂದ ಬಟ್ಟೆ ತೆಗೆದು ಕಪಾಟಿನಲ್ಲಿ ಜೋಡಿಸುವುದು. ಇವಳು ಜೋಡಿಸಲಿಲ್ಲ. ದಿನಾ ಬೆಳಿಗ್ಗೆ ಬೇಕಾದ ಒಂದು ಜೊತೆ ಮಾತ್ರ ತೆಗೆಯುವಳು. ಒಗೆದು ಒಣಗಿದ್ದನ್ನು ಮಡಚಿ ಮತ್ತೆ ಟ್ರಂಕಿಗೇ ಹಾಕಿ ಬೀಗ ಜಡಿಯುವಳು. ಬೀಗದ ಕೈ ದಾರಕ್ಕೆ ಕಟ್ಟಿ ಕೊರಳಲ್ಲಿ. ಕಳ್ಳತನದ ಭಯ ಇರಬೇಕು ಅಂದುಕೊಂಡೆ. ಒಂದು ದಿನ ಕೇಳಿದೆ. "ಹೋಗುವಾಗ ಮತ್ತೆ ಪ್ಯಾಕ್ ಮಾಡೋದು ಕಷ್ಟ ಅಲ್ವಾ ಮೇಡಂ" ಅಂದಳು. ರಜೆಗೆ ಆಗ ಇನ್ನೂ ನಾಲ್ಕು ತಿಂಗಳಿತ್ತು.

ಹಳೇ ಶಾಲೆಯಲ್ಲಿ ಅವಳೇ ಫಸ್ಟ್. ಅರ್ಥವಾಗದಿದ್ದರೆ ಟೀಚರ್ ಹಿಂದೆ ಹಿಂದೆ ಸುತ್ತಿ ಕೇಳುತ್ತಿದ್ದಳಂತೆ. ನಮ್ಮಲ್ಲಿ ಪಾಠ ಓಡುತ್ತಿತ್ತು. ಒಮ್ಮೆ ಡೌಟ್ ಕೇಳಿದಳು, ಯಾರೋ ಕಿಸಕ್ಕನೆ ನಕ್ಕರು, ಮತ್ತೆ ಕೇಳಲಿಲ್ಲ. ಜಾಣ ಮಗುವೊಂದು ತನಗಿಂತ ಜಾಣರ ನಡುವೆ ಕೂತು, ತಾನು ದಡ್ಡಿ ಅಂತ ನಂಬಿಬಿಡುವುದಕ್ಕೆ ಹೆಚ್ಚು ದಿನ ಬೇಕಿಲ್ಲ. ಮನಶ್ಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿದೆ, ಸಣ್ಣ ಕೊಳದ ದೊಡ್ಡ ಮೀನಿನ ಕಥೆ ಅಂತ. ಹರ್ಬರ್ಟ್ ಮಾರ್ಷ್ ಎಂಬ ಸಂಶೋಧಕರು 1980ರ ದಶಕದಿಂದ ಇದರ ಬಗ್ಗೆ ಬರೆದಿದ್ದಾರೆ. ದಿನಾ ಮನೆಗೆ ಹೋಗುವ ಮಗುವಾದರೆ ಸಂಜೆ ಅಜ್ಜಿ ಮುಂದಾದರೂ ಜಾಣೆಯಾಗುತ್ತದೆ. ಹಾಸ್ಟೆಲಿನ ಮಗುವಿಗೆ ಕ್ಲಾಸಿನಲ್ಲಿ ನಕ್ಕವಳೇ ರಾತ್ರಿ ಪಕ್ಕದ ಮಂಚದಲ್ಲಿ ಮಲಗಿರುತ್ತಾಳೆ.

ಅವಳ ಅಪ್ಪ ಬಂದಾಗ ನಾನು ಹೇಳಿದ್ದು ಅದೇ ಮಾತು. "ಹೊಂದ್ಕೋತಾಳೆ ಬಿಡಿ ಸಾರ್." ಒಂದೂವರೆ ವರ್ಷ ಇದ್ದಳು. ಟ್ರಂಕು ಖಾಲಿಯಾಗಲೇ ಇಲ್ಲ. ಆಮೇಲೆ ಯಾರೂ ಹೆಸರು ಕೇಳಿರದ ಒಂದು ಸಣ್ಣ ಶಾಲೆಗೆ ಸೇರಿಸಿದರು. ಅಪ್ಪನಿಗೆ ನಾಚಿಕೆ, ನನಗೂ.

ಶಾಲೆ ಕೆಟ್ಟದ್ದಿತ್ತಾ? ಇಲ್ಲ. ಅದೇ ಇಲ್ಲಿ ತೊಡಕು. ಸ್ಕಾಟ್ಲೆಂಡಿನ ಗೋರ್ಡನ್‌ಸ್ಟೌನ್ ಎಂಬ ವಸತಿ ಶಾಲೆಯ ಕಥೆ ಕೇಳಿ. ಜರ್ಮನಿಯ ಶಿಕ್ಷಣತಜ್ಞ ಕರ್ಟ್ ಹಾನ್ 1934ರಲ್ಲಿ ಶುರು ಮಾಡಿದ್ದು. ಬೆಳಗಿನ ಓಟ, ತಣ್ಣೀರು ಸ್ನಾನ, ಕಟ್ಟುನಿಟ್ಟು. ಮೊದಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರು ಪ್ರಿನ್ಸ್ ಫಿಲಿಪ್, ಮುಂದೆ ಬ್ರಿಟನ್ನಿನ ರಾಣಿ ಎಲಿಜಬೆತ್ ಅವರ ಗಂಡನಾದವರು. ಅವರಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು, ವಿದ್ಯಾರ್ಥಿ ನಾಯಕರೂ ಆದರು. ನನಗೆ ಒಳ್ಳೇದಾಯ್ತಲ್ಲ ಅಂತ 1962ರಲ್ಲಿ ಮಗ ಚಾರ್ಲ್ಸ್‌ರನ್ನೂ ಅಲ್ಲಿಗೇ ಕಳಿಸಿದರು. ಇಂಗ್ಲೆಂಡಿನ ಇನ್ನೊಂದು ಹೆಸರುವಾಸಿ ವಸತಿ ಶಾಲೆ ಈಟನ್ ಈ ಹುಡುಗನಿಗೆ ಹೊಂದುತ್ತದೆ ಅಂತ ಅವನ ಅಜ್ಜಿ ಹೇಳಿದ್ದು ನಡೆಯಲಿಲ್ಲ. ಮೆದು ಸ್ವಭಾವದ ಹುಡುಗ ಅಲ್ಲಿ ಪಟ್ಟ ಪಾಡು ಅವನು ಮನೆಗೆ ಬರೆದ ಪತ್ರಗಳಲ್ಲಿದೆ. ಮುಂದೆ ಚಾರ್ಲ್ಸ್ ತಮ್ಮ ಇಬ್ಬರು ಮಕ್ಕಳನ್ನು ಕಳಿಸಿದ್ದು ಈಟನ್‌ಗೆ. ಅರಮನೆಯವರಿಗೇ ಹೀಗಾದರೆ ನಮ್ಮ ಪಾಡೇನು ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಆದರೆ 'ಹೊಂದುವುದು' ಅಂದರೆ ಸುಖವಾಗಿರುವುದು ಅಂತ ಮಾತ್ರ ತಿಳಿಯಬೇಡಿ. ಈಗಿನ ತಂದೆತಾಯಂದಿರು ಈ ಕಡೆಗೂ ಜಾಸ್ತಿ ವಾಲುತ್ತಾರೆ. ಮಗು ಒಂದು ವಾರ ಅತ್ತರೆ ಟಿ.ಸಿ. ಕೇಳಲು ಬರುತ್ತಾರೆ. ನನ್ನ ಹಾಸ್ಟೆಲಿಗೆ ಒಬ್ಬ ಹುಡುಗನ ತಾಯಿ ಹೀಗೇ ಎರಡು ಸಲ ಬಂದರು. ಆಟಕ್ಕಿಲ್ಲ, ಮಾತಿಗಿಲ್ಲ, ತಿಂಗಳುಗಟ್ಟಲೆ ಸಪ್ಪೆ ಮುಖ. ಆದರೆ ಒಂದು ರಾತ್ರಿ ಲೈಟ್ ಆರಿಸಲು ಹೋದರೆ ಅವನೂ ಸೀನಿಯರ್ ಒಬ್ಬನೂ ನೆಲದ ಮೇಲೆ ಕೂತು ಒಂದು ಲೆಕ್ಕಕ್ಕಾಗಿ ಜಗಳವಾಡುತ್ತಿದ್ದರು. ಅಷ್ಟು ದೊಡ್ಡ ದನಿ ಅವನಿಗಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಅವನ ಮಟ್ಟಕ್ಕೆ ಮಾತಾಡುವವರು ಹಳೇ ಶಾಲೆಯಲ್ಲಿ ಸಿಕ್ಕಿರಲೇ ಇಲ್ಲ. ಅವನಿಗೆ ಆ ಹೆಸರುವಾಸಿ ಶಾಲೆಯೇ ಸರಿ.

ಫ್ರಾನ್ಸಿನ ಸೂರ್ದೂನ್‌ನಲ್ಲಿ 2009ರಲ್ಲಿ ಒಂದು ವಸತಿ ಶಾಲೆ ಶುರುವಾಯಿತು. ಸೀಟಿಗಿಂತ ಅರ್ಜಿ ಜಾಸ್ತಿ ಬಂದಿದ್ದರಿಂದ ಲಾಟರಿ ಎತ್ತಿದರು. ಸೀಟು ಸಿಕ್ಕವರನ್ನೂ ಸಿಗದವರನ್ನೂ ಸಂಶೋಧಕರು ಹೋಲಿಸುತ್ತಾ ಹೋದರು. ಮೊದಲ ವರ್ಷ ಹಾಸ್ಟೆಲ್ ಮಕ್ಕಳು ಉಳಿದವರಿಗಿಂತ ಹೆಚ್ಚು ಬೇಸರದಲ್ಲಿದ್ದರು, ಅಂಕವೂ ಏರಲಿಲ್ಲ. ಎರಡನೇ ವರ್ಷದ ಕೊನೆಗೆ ಗಣಿತದಲ್ಲಿ ಚೆನ್ನಾಗಿ ಏರಿತು. ಆದರೆ ಆ ಏರಿಕೆ ಹೆಚ್ಚಾಗಿ ಸೇರುವಾಗಲೇ ಓದಿನಲ್ಲಿ ಮುಂದಿದ್ದ ಮಕ್ಕಳದ್ದು. ಅಂದರೆ ಮೊದಲ ವರ್ಷದ ಅಳು ನೋಡಿ ತೀರ್ಮಾನ ಮಾಡುವುದು ತಪ್ಪು. ಎರಡನೇ ವರ್ಷ ಬಂದರೂ ಏನೂ ಬದಲಾಗದಿದ್ದರೆ, "ಇನ್ನೊಂದು ವರ್ಷ ನೋಡೋಣ" ಅನ್ನುವುದೂ ತಪ್ಪು.

ಶಾಲೆ ನೋಡಲು ಹೋದಾಗ ನಮ್ಮನ್ನು ನೇರ ಆಡಿಟೋರಿಯಮ್ಮಿಗೆ ಕರೆದೊಯ್ಯುತ್ತಾರೆ, ಸ್ಮಾರ್ಟ್ ಬೋರ್ಡ್ ತೋರಿಸುತ್ತಾರೆ. ಓಪನ್ ಡೇ ಬಿಟ್ಟು ಸುಮ್ನೆ ಒಂದು ಮಾಮೂಲಿ ದಿನ, ಸಂಜೆ ನಾಲ್ಕಕ್ಕೆ ಹೋಗಿ. ಪಾಠ ಮುಗಿದ ಮೇಲೆ ಶಾಲೆ ಮಕ್ಕಳ ಕೈಗೆ ಬರುತ್ತದೆ. ಆಟದ ಬಯಲಿನಲ್ಲಿ ಎಲ್ಲರೂ ಆಡುತ್ತಿದ್ದಾರಾ, ಟೀಮಿನವರು ಮಾತ್ರವಾ? ಆಡದ ಮಕ್ಕಳು ಎಲ್ಲಿದ್ದಾರೆ? ಬಾತ್‌ರೂಮ್ ನೋಡಿ, ಚಿಲಕ ಇದೆಯಾ ನೋಡಿ. ಸಿಕ್‌ರೂಮಿನಲ್ಲಿ ರಾತ್ರಿ ಯಾರಿರುತ್ತಾರೆ ಅಂತ ಕೇಳಿ. ಒಬ್ಬ ವಾರ್ಡನ್‌ಗೆ ಎಷ್ಟು ಮಕ್ಕಳು, ಅವರು ಎಷ್ಟು ವರ್ಷದಿಂದ ಅಲ್ಲಿದ್ದಾರೆ, ಕಳೆದ ವರ್ಷ ಎಷ್ಟು ಮಕ್ಕಳು ನಡುವೆ ಬಿಟ್ಟು ಹೋದರು? ಈ ಕೊನೇ ಪ್ರಶ್ನೆಗೆ ಪ್ರಿನ್ಸಿಪಾಲರ ಮುಖ ಹೇಗಾಗುತ್ತದೆ ಅನ್ನುವುದೇ ಅರ್ಧ ಉತ್ತರ. ಮತ್ತೆ ದಯವಿಟ್ಟು ಮಗುವನ್ನು ಜೊತೆಗೆ ಕರೆದುಕೊಂಡು ಹೋಗಿ. ಮಗು ನೋಡದ ಶಾಲೆಗೆ ದುಡ್ಡು ಕಟ್ಟಿ ಬಂದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಹೋದ ವಾರ ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. ನಾನು ಹೇಳಿದೆ ಅಂತ ಮಗಳನ್ನು ಕರೆದುಕೊಂಡು ಒಂದು ಸಂಜೆ ಹೋಗಿದ್ದನಂತೆ. ಹಾಸ್ಟೆಲಿನ ವರಾಂಡದಲ್ಲಿ ದೊಡ್ಡ ಹುಡುಗಿಯೊಬ್ಬಳು ಶೂ ಪಾಲಿಶ್ ಮಾಡುತ್ತಾ ಕೂತಿದ್ದಳು. ಇವಳು ಹತ್ತಿರ ಹೋಗಿ ಕೇಳಿದ್ದು, "ಅಕ್ಕಾ, ಲೈಟ್ ಆಫ್ ಆದ್ಮೇಲೆ ಮಾತಾಡಬಹುದಾ ಇಲ್ಲಿ?" ಆ ಹುಡುಗಿ ಒಮ್ಮೆ ವಾರ್ಡನ್ ರೂಮಿನ ಕಡೆ ನೋಡಿ, ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳಂತೆ.

"ಇದು ಒಳ್ಳೇದೋ ಕೆಟ್ಟದ್ದೋ ಅಕ್ಕಾ?" ಅಂತ ಅವನ ಪ್ರಶ್ನೆ.

"ನಿನ್ನ ಮಗಳೂ ನಕ್ಕಳಾ?"

"ಹೂಂ. ಇಬ್ಬರೂ ಸೇರಿ ನಗ್ತಾನೇ ಇದ್ರು."

"ಫಾರ್ಮ್ ತಂದಿದ್ದೀಯಾ?" ಅಂದೆ.