ಪಥ್ಯ ಬಿಟ್ಟು ಬರೀ ಮದ್ದೇ?
‘ದಿನಾ ನೆಲನೆಲ್ಲಿ ಕಷಾಯ ಕುಡಿದರೆ ಗೋಬಿಯ ಬಣ್ಣ, ಟೇಸ್ಟಿಂಗ್ ಪೌಡರ್ ಲಿವರ್, ಕಿಡ್ನಿಗೆ ಏನೂ ಮಾಡದು’ ಎಂಬ ನಿಮ್ಮ ಲೇಖನದ ಮಾತನ್ನು ಒಪ್ಪಲಾರೆ. ನೆಲನೆಲ್ಲಿ ಲಿವರ್, ಕಿಡ್ನಿಯನ್ನು ಕಾಪಾಡುತ್ತದೆಯೇ ಎಂದು ನೋಡುವ ಪ್ರಯೋಗಗಳು ಬಹುಪಾಲು ನಡೆದಿರುವುದು ಇಲಿಗಳ ಮೇಲೆ, ಅಳತೆ ಮಾಡಿದ ಸಾರ ಕೊಟ್ಟು. ನಮ್ಮ ಶಿರಸಿ ಕಡೆ ತೋಟದ ಅಂಚಿನಲ್ಲಿ ಸಿಗುವ ಈ ಗಿಡವನ್ನು, ಎಲೆಯಡಿ ಸಾಲಾಗಿ ಅಂಟಿದ ಪುಟ್ಟ ಕಾಯಿಗಳ ಸಮೇತ ಅರೆದು ಮಜ್ಜಿಗೆಯಲ್ಲಿ ಕೊಡುವುದು ಕಾಮಾಲೆಗೆ, ಅದೂ ಕಟ್ಟುನಿಟ್ಟು ಪಥ್ಯದ ಜೊತೆ. ಎಣ್ಣೆ ತಿಂಡಿ ಮುಟ್ಟುವ ಹಾಗೇ ಇಲ್ಲ!

ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲೇ ಗೋಬಿಗೆ ಕೃತಕ ಬಣ್ಣ ನಿಷೇಧಿಸಿದೆ. ಆದರೂ ಜಾತ್ರೆಯ ಗಾಡಿಗಳಲ್ಲಿ ತಿಂದ ಮೇಲೆ ಕೈ ತೊಳೆದರೂ ಉಗುರ ಸಂದಿಯ ಕೆಂಪು ಹೋಗುವುದಿಲ್ಲ. ಅದರ ಬಗ್ಗೆ ಬರೆಯಿರಿ. ಕಿಡ್ನಿ ತೊಂದರೆ ಇದ್ದವರು, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಈ ಕಷಾಯ ಶುರು ಮಾಡಬಾರದು ಎಂಬ ಒಂದು ಸಾಲನ್ನಾದರೂ ದಯವಿಟ್ಟು ಲೇಖನಕ್ಕೆ ಸೇರಿಸಿ.